ದೋಣಿ ಎಳೆಯೋ ಗಾಡಿ: ಮೊದಲು ಬಾಗಿಲ ಚೀಟಿ ಓದಿ

ಅಮೆರಿಕದಲ್ಲಿ ದೋಣಿ ಕೊಳ್ಳೋ ಆಸೆ ಇದೆಯಾ? ಜಾಹೀರಾತಿನಲ್ಲಿ 5,000 ಪೌಂಡ್ ಎಳೆಯುತ್ತೆ ಅಂತ ಇದ್ದ ಮಾತ್ರಕ್ಕೆ ಎಸ್‌ಯುವಿ ಬುಕ್ ಮಾಡಬೇಡಿ. ಡ್ರೈವರ್ ಬಾಗಿಲು ತೆಗೆದು, ಚೌಕಟ್ಟಿಗೆ ಅಂಟಿಸಿರೋ ಚೀಟಿ ಓದಿ. ಜನ, ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದು ಅನ್ನೋದು ಅಲ್ಲಿದೆ. 1,200 ಪೌಂಡ್ ಅಂದ್ಕೊಳ್ಳಿ.

ಈಗ ದೋಣಿ. ಕಂಪನಿ 3,000 ಪೌಂಡ್ ಅಂತ ಹೇಳಿದರೆ ಅದು ಬರೀ ಖಾಲಿ ದೋಣಿಯದ್ದು. ಎಷ್ಟೋ ಸಲ ಎಂಜಿನ್ ಕೂಡ ಅದರಲ್ಲಿ ಸೇರಿರಲ್ಲ. ಎಂಜಿನ್, ಟ್ರೈಲರ್, ಬ್ಯಾಟರಿ, ಲಂಗರು ಎಲ್ಲ ಸೇರಿ 4,500 ಮುಟ್ಟುತ್ತೆ. 30 ಗ್ಯಾಲನ್ ಪೆಟ್ರೋಲೇ 180 ಪೌಂಡ್! ಆ 4,500ರಲ್ಲಿ ಸಾಮಾನ್ಯವಾಗಿ ಶೇಕಡಾ 10ರಿಂದ 15ರಷ್ಟು ಭಾರ ಹಿಚ್ ಮೇಲೆ, ಅಂದ್ರೆ ಗಾಡಿಗೆ ಟ್ರೈಲರ್ ಸಿಕ್ಕಿಸೋ ಕೊಂಡಿ ಮೇಲೆ ಕೂರಬೇಕು. ಕಡಿಮೆ ಅಂದ್ರೂ 450. ಚೀಟಿಯ 1,200ರಲ್ಲಿ ಅದನ್ನ ಕಳೆದರೆ ಉಳಿಯೋದು 750. ಐದು ಜನ ಹತ್ತಿದರೆ ಮುಗೀತು, ಐಸ್‌ಬಾಕ್ಸ್ ಇಡೋಕೂ ಲೆಕ್ಕ ಉಳಿಯಲ್ಲ.

ಹಾಗಂತ ಹಿಚ್ ಮೇಲಿನ ಭಾರ ಇಳಿಸೋಕೆ ಸಾಮಾನನ್ನ ಟ್ರೈಲರಿನ ಹಿಂದಕ್ಕೆ ತಳ್ಳಬೇಡಿ, ದಯವಿಟ್ಟು. ಹಾಗೆ ಮಾಡಿ ಹೆದ್ದಾರಿಯಲ್ಲಿ ಟ್ರೈಲರ್ ಓಲಾಡೋಕೆ ಶುರುವಾದರೆ ಗಾಡಿಯನ್ನೇ ಮಗುಚಿ ಹಾಕಬಹುದು.

ಇನ್ನು ದೋಣಿ ನೀರಿಗಿಳಿಸೋ ರ‍್ಯಾಂಪ್. ಪಾಚಿಗಟ್ಟಿದ ಒದ್ದೆ ಇಳಿಜಾರಿನಲ್ಲಿ ದೋಣಿ ಮೇಲಕ್ಕೆಳೆಯುವಾಗ ಭಾರವೆಲ್ಲ ಹಿಂದಕ್ಕೆ ಬೀಳುತ್ತೆ. ಮುಂದಿನ ಚಕ್ರಕ್ಕೆ ಮಾತ್ರ ಎಂಜಿನ್ ಬಲ ಸಿಗೋ ಗಾಡಿ ಅಲ್ಲೇ ಜಾರಬಹುದು. ನನ್ನ ಕೇಳಿದರೆ ಫೋರ್‌ವೀಲ್ ಡ್ರೈವ್ ಪಿಕಪ್ಪೇ ತಗೊಳ್ಳಿ. ಟ್ರೈಲರಿಗೂ ಅದರದ್ದೇ ಬ್ರೇಕ್ ಇರಲಿ.