ಹೆಪ್ಪುಗಟ್ಟಿದ ನಿಲ್ದಾಣಕ್ಕೆ ಇಬ್ಬರು ರಿಪೇರಿಯವರು

1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ವಾರದಷ್ಟು ಕಾಲ ತಂಗಿದ್ದು ಸೋವಿಯತ್ ಒಕ್ಕೂಟದ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣದಲ್ಲಿ. ಇದನ್ನು ಶಾಲೆಯಲ್ಲೇ ಓದಿದವರಿದ್ದಾರೆ. ವರ್ಷ ತುಂಬುವುದರೊಳಗೆ ಅದೇ ನಿಲ್ದಾಣ ಕೆಟ್ಟು ಕೂತ ಕತೆಯನ್ನು ಕೇಳಿದವರು ಕಡಿಮೆ.

1985ರ ಫೆಬ್ರವರಿಯಲ್ಲಿ ಸಲ್ಯೂತ್ ಮಾತು ನಿಲ್ಲಿಸಿತು. ಆಗ ಒಳಗೆ ಯಾರೂ ಇರಲಿಲ್ಲ. ಸರಿಪಡಿಸಲು ಹೊರಟವರು ವ್ಲಾದಿಮಿರ್ ಝಾನಿಬೆಕೋವ್ ಮತ್ತು ವಿಕ್ತರ್ ಸವಿನಿಖ್. ಅವರ ಸೊಯೂಝ್ ಟಿ-13 ನೌಕೆಯ ಮೂರನೇ ಆಸನವನ್ನು ಕಿತ್ತು, ಆ ಜಾಗಕ್ಕೆ ಹೆಚ್ಚುವರಿ ಸಾಮಾನು ತುಂಬಿದ್ದರು. ನಿಲ್ದಾಣವೇ ಮೂಕವಾಗಿರುವಾಗ ಸ್ವಯಂಚಾಲಿತ ಜೋಡಣೆ ಎಲ್ಲಿಂದ ಬಂತು? ಜೂನ್ 8ರಂದು ಕಿಟಕಿಯಿಂದ ಕೈ ಲೇಸರ್ ಹಿಡಿದು ದೂರ ಅಳೆಯುತ್ತ, ಝಾನಿಬೆಕೋವ್ ನೌಕೆಯನ್ನು ಕೈಯಾರೆ ನಡೆಸಿ ಸಲ್ಯೂತ್‌ಗೆ ಕೂಡಿಸಿದರು.

ಒಳಗೆ ಕತ್ತಲು, ಗೋಡೆಗಳ ಮೇಲೆ ಹಿಮ. ನೀರು ಕೊಳವೆಯಲ್ಲೇ ಗಡ್ಡೆ ಕಟ್ಟಿತ್ತು. ಹಿಂದಿನ ತಂಡ ರಷ್ಯನ್ ಪದ್ಧತಿಯಂತೆ ಬಂದವರ ಸ್ವಾಗತಕ್ಕೆಂದು ಇಟ್ಟುಹೋದ ಒಣ ರೊಟ್ಟಿ, ಉಪ್ಪಿನ ಮಾತ್ರೆ ಮಾತ್ರ ಮೇಜಿನ ಮೇಲೆ ಹಾಗೇ ಇದ್ದವು. ಇಬ್ಬರೂ ಉಣ್ಣೆಯ ಟೊಪ್ಪಿ, ದಪ್ಪ ಕೋಟು ತೊಟ್ಟು ಕೆಲಸಕ್ಕಿಳಿದರು. ಫ್ಯಾನುಗಳು ನಿಂತಿದ್ದರಿಂದ ಬಿಟ್ಟ ಉಸಿರು ಮುಖದ ಸುತ್ತಲೇ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆನೋವು.

ಮಾಡಿದ್ದು ಅಪ್ಪಟ ಎಲೆಕ್ಟ್ರಿಷಿಯನ್ ಕೆಲಸ. ಎಂಟು ಬ್ಯಾಟರಿಗಳಲ್ಲಿ ಎರಡು ಪೂರ್ತಿ ಹಾಳು. ಉಳಿದ ಆರರ ತಂತಿಗಳನ್ನು ಸೌರಫಲಕಗಳಿಗೆ ನೇರವಾಗಿ ಜೋಡಿಸಿ, ಕೂಡಿಕೊಂಡ ಸೊಯೂಝ್‌ನ ಎಂಜಿನುಗಳಿಂದಲೇ ಇಡೀ ನಿಲ್ದಾಣವನ್ನು ಸೂರ್ಯನತ್ತ ತಿರುಗಿಸಿದರು. ಬ್ಯಾಟರಿ ಜೀವ ಹಿಡಿಯಿತು. ಆಮೇಲೆ ಗೊತ್ತಾಯಿತು, ಇಷ್ಟಕ್ಕೆಲ್ಲ ಕಾರಣ ಒಂದು ಕೆಟ್ಟ ಸೆನ್ಸರ್! ಬ್ಯಾಟರಿ ತುಂಬಿದೆಯೆಂದು ಅದು ಸುಳ್ಳು ಹೇಳಿದಾಗಲೆಲ್ಲ ಚಾರ್ಜಿಂಗ್ ನಿಲ್ಲುತ್ತಿತ್ತು.

ಬಿಸಿ ಏರಿದ ಮೇಲೆ ಹೊಸ ತಾಪತ್ರಯ: ಹಿಮ ಕರಗಿ ಎಲ್ಲೆಲ್ಲೂ ನೀರು. ಬಟ್ಟೆ ಹಿಡಿದು ಒರೆಸುವುದೇ ಒಂದು ದೊಡ್ಡ ಕೆಲಸವಾಯಿತು. ಜೂನ್ ಕೊನೆಯ ಹೊತ್ತಿಗೆ ಪ್ರೊಗ್ರೆಸ್-24 ಸರಕು ನೌಕೆ ನೀರು, ಇಂಧನ, ಬಿಡಿಭಾಗಗಳನ್ನು ಹೊತ್ತು ಬಂತು. ಬಾಹ್ಯಾಕಾಶದ ಸಾಹಸಗಳಲ್ಲಿ ಚಂದ್ರನ ಮೇಲಿನ ಹೆಜ್ಜೆಗೆ ಸಿಕ್ಕ ಚಪ್ಪಾಳೆ ಈ ತಂತಿ ಕಟ್ಟಿದವರಿಗೆ ಸಿಗಲಿಲ್ಲ. ಅದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಸೆಪ್ಟೆಂಬರ್‌ನಲ್ಲಿ ಹೊಸ ತಂಡ ಬಂತು. ಝಾನಿಬೆಕೋವ್ ಭೂಮಿಗೆ ಮರಳಿದರು, ಸವಿನಿಖ್ ಅಲ್ಲೇ ಉಳಿದರು. ಮರುವರ್ಷ ಮೀರ್ ನಿಲ್ದಾಣದಿಂದ ಇನ್ನಿಬ್ಬರು ಸಲ್ಯೂತ್‌ಗೆ ಬಂದು, ಕೆಲಸಕ್ಕೆ ಬರುವ ಉಪಕರಣಗಳನ್ನು ಬಿಚ್ಚಿ ಮೀರ್‌ಗೆ ಸಾಗಿಸಿದರು. ಅಲ್ಲಿಂದ ಮುಂದೆ ಸಲ್ಯೂತ್-7ಕ್ಕೆ ಯಾರೂ ಹೋಗಲಿಲ್ಲ. 1991ರ ಫೆಬ್ರವರಿಯಲ್ಲಿ ಅದು ಅರ್ಜೆಂಟೀನಾದ ಮೇಲೆ ಉರಿದು ಬಿತ್ತು.