ಬಣ್ಣ ಹಚ್ಚುವ ಮೊದಲಿನ ಪಾಯಿಂಟರ್

ಲಂಡನ್ನಿನ ಗಿಲ್ಡ್‌ಹಾಲ್ ಆರ್ಟ್ ಗ್ಯಾಲರಿಯಲ್ಲಿ ಮೂರು ಮೀಟರಿಗೂ ಹೆಚ್ಚು ಅಗಲದ ತೈಲಚಿತ್ರವೊಂದಿದೆ. ಹೆಸರು 'ಇಸ್ರೇಲ್ ಇನ್ ಈಜಿಪ್ಟ್'. ಬೈಬಲಿನ ವಿಮೋಚನಕಾಂಡದಲ್ಲಿ ಬರುವ ಗುಲಾಮಗಿರಿಯೇ ಅದರ ವಸ್ತು. ಸುಡುಬಿಸಿಲಲ್ಲಿ ಸಾಲುಗಟ್ಟಿ ನಿಂತ ಇಸ್ರಾಯೇಲ್ಯರು ಗಾಲಿಬಂಡಿಯ ಮೇಲಿನ ದೈತ್ಯ ಕಲ್ಲುಸಿಂಹವನ್ನು ಹಗ್ಗ ಹಿಡಿದು ಎಳೆಯುತ್ತಿದ್ದಾರೆ. 1867ರಲ್ಲಿ ಇದನ್ನು ಬರೆದಾಗ ಬ್ರಿಟಿಷ್ ಚಿತ್ರಕಾರ ಎಡ್ವರ್ಡ್ ಪಾಯಿಂಟರ್‌ಗೆ 31 ವರ್ಷ. ಈ ಚಿತ್ರ ಅವನಿಗೆ ದೊಡ್ಡ ಹೆಸರು ತಂದಿತು. ನನಗೆ ಮಾತ್ರ ಅವನ ನಿಜವಾದ ಶಕ್ತಿ ಕಾಣುವುದು ಇಂಥ ಚಿತ್ರಗಳಿಗಾಗಿ ಮಾಡಿಕೊಂಡ ಕರಡು ರೇಖಾಚಿತ್ರಗಳಲ್ಲಿ.

ಪಾಯಿಂಟರ್ ಕಲಿತದ್ದು ಪ್ಯಾರಿಸ್ಸಿನಲ್ಲಿ, ಗ್ಲೇರ್ ಎಂಬ ಕಲಾವಿದನ ಬಳಿ. ಅಲ್ಲಿ ರೂಢಿಯಲ್ಲಿದ್ದ ಕ್ರಮ ನಿಧಾನದ್ದು. ಮೊದಲು ಇಡೀ ದೃಶ್ಯದ ಪುಟ್ಟ ಸ್ಕೆಚ್. ಆಮೇಲೆ ರೂಪದರ್ಶಿಯನ್ನು ಬಟ್ಟೆಯಿಲ್ಲದೆ ನಿಲ್ಲಿಸಿ ಒಂದೊಂದೇ ಆಕೃತಿ. ಉಡುಗೆಯ ನೆರಿಗೆಗಳಿಗೆ ಬೇರೆ ಹಾಳೆ, ಕೈಕಾಲುಗಳಿಗೆ ಮತ್ತೊಂದು. ಬಣ್ಣದ ಕಾಗದದ ಮೇಲೆ ಕಪ್ಪು ಸೀಮೆಸುಣ್ಣದಿಂದ ನೆರಳು, ಬಿಳಿಯಿಂದ ಬೆಳಕು. ನಡುವಿನ ಛಾಯೆಯನ್ನು ಕಾಗದದ ಬಣ್ಣವೇ ಒದಗಿಸುತ್ತದೆ. ಕೊನೆಗೆ ಹಾಳೆಯ ಮೇಲೆ ಚೌಕಗಳನ್ನು ಎಳೆದು, ಅದೇ ಲೆಕ್ಕದಲ್ಲಿ ಹಿಗ್ಗಿಸಿ ಕ್ಯಾನ್ವಾಸಿಗೆ ಇಳಿಸುವುದು.

ಇಂಥ ಹಾಳೆಯನ್ನು ಹತ್ತಿರದಿಂದ ನೋಡಬೇಕು. ಹಗ್ಗ ಎಳೆಯುವವನ ತೋಳಿಗೆ ಎಷ್ಟು ಬಾಗು ಬೇಕು? ಮೊದಲು ಹಾಕಿದ ಗೆರೆಯನ್ನು ಅಳಿಸದೆ ಪಕ್ಕದಲ್ಲೇ ಇನ್ನೊಂದು ಬರುತ್ತದೆ, ಭುಜ ತುಸು ಕೆಳಗಿಳಿಯುತ್ತದೆ. ಅಂಚಿನಲ್ಲಿ ಅದೇ ಮುಷ್ಟಿ ಮತ್ತೆ, ದೊಡ್ಡದಾಗಿ. ಕಣ್ಣಿಗೆ ಸಿಗುವುದು ಯೋಚಿಸುತ್ತಿರುವ ಕೈ. ಅದೇ ತೋಳು ಕ್ಯಾನ್ವಾಸಿಗೆ ಹೋದಾಗ ನುಣುಪಾಗುತ್ತದೆ, ಅನುಮಾನವೆಲ್ಲ ಮಾಯವಾಗುತ್ತದೆ, ಅದರ ಜೊತೆಗೆ ಅರ್ಧ ಜೀವವೂ.

ಕಟ್ಟಡ, ಶಿಲ್ಪಗಳಿಗೂ ಇಂಥದೇ ತಯಾರಿ. 'ಇಸ್ರೇಲ್ ಇನ್ ಈಜಿಪ್ಟ್' ಚಿತ್ರದ ಸಿಂಹಕ್ಕೆ ಮಾದರಿ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಕೆಂಪು ಗ್ರಾನೈಟಿನ ಈಜಿಪ್ಟ್ ಸಿಂಹ. ಹಿನ್ನೆಲೆಯಲ್ಲಿ ಗೀಜಾದ ಪಿರಮಿಡ್ಡೂ ಎಡ್ಫು ದೇವಾಲಯವೂ ಅಕ್ಕಪಕ್ಕ ನಿಂತಿವೆ. ಎಡ್ಫು ದೇವಾಲಯ ವಿಮೋಚನಕಾಂಡದ ನಾಯಕ ಮೋಶೆಯ ಕಾಲಕ್ಕಿಂತ ಎಷ್ಟೋ ಶತಮಾನ ಈಚಿನದು. ಒಂದೊಂದು ವಿವರವೂ ಕರಾರುವಾಕ್ಕು, ಒಟ್ಟು ದೃಶ್ಯ ಮಾತ್ರ ಕಲ್ಪನೆ. ಚಿತ್ರ ಕೊಂಡ ಜಾನ್ ಹಾಕ್‌ಷಾ ಸೂಯೆಜ್ ಕಾಲುವೆಯ ಯೋಜನೆಯನ್ನು ಪರಿಶೀಲಿಸಿದ್ದ ಎಂಜಿನಿಯರ್. ಇಷ್ಟು ಜನರಿಂದ ಇಷ್ಟು ಭಾರ ಕದಲದು ಎಂದು ಅವನು ಆಕ್ಷೇಪಿಸಿದನೆಂದೂ, ಪಾಯಿಂಟರ್ ಎಳೆಯುವವರನ್ನು ಹೆಚ್ಚಿಸಿದನೆಂದೂ ಹೇಳುತ್ತಾರೆ.

ಇಂಥ ದೊಡ್ಡ ಚಿತ್ರಗಳು ಮತ್ತೂ ಬಂದವು. 1868ರ 'ದಿ ಕೆಟಪಲ್ಟ್' ಕಾರ್ಥೇಜ್ ನಗರಕ್ಕೆ ಮುತ್ತಿಗೆ ಹಾಕಿದ ರೋಮನ್ನರ ಚಿತ್ರ. ಬೈಬಲಿನ ಶೆಬದ ರಾಣಿ ಅರಸ ಸೊಲೊಮೋನನನ್ನು ಕಾಣಲು ಬಂದ ದೃಶ್ಯದ ಚಿತ್ರ ಮುಗಿದದ್ದು 1890ರಲ್ಲಿ, ಅದೀಗ ಸಿಡ್ನಿಯಲ್ಲಿದೆ.

1871ರಲ್ಲಿ ಲಂಡನ್ನಿನ ಸ್ಲೇಡ್ ಕಲಾಶಾಲೆ ತೆರೆದಾಗ ಅದರ ಮೊದಲ ಪ್ರಾಧ್ಯಾಪಕ ಪಾಯಿಂಟರ್. ಪ್ಲಾಸ್ಟರ್ ಪ್ರತಿಮೆಗಳನ್ನು ತಿಂಗಳುಗಟ್ಟಲೆ ನಕಲು ಮಾಡಿಸುವ ಪದ್ಧತಿ ಅವನಿಗೆ ಹಿಡಿಸಲಿಲ್ಲ. ವಿದ್ಯಾರ್ಥಿಗಳು ಬೇಗನೆ ಜೀವಂತ ರೂಪದರ್ಶಿಯ ಮುಂದೆ ಕೂರಬೇಕೆಂದ. ಆ ಪಾಠದ ಅರ್ಥ ತಿಳಿಯಲು ಅವನ ಹಾಳೆಗಳನ್ನೇ ನೋಡಬೇಕು.

ಪಾಯಿಂಟರ್‌ನ ರೇಖಾಚಿತ್ರಗಳು ಬ್ರಿಟಿಷ್ ಮ್ಯೂಸಿಯಂನಲ್ಲೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಇವೆ. ಬೆಳಕಿಗೆ ಕಾಗದ ಕೆಡುವುದರಿಂದ ಇಂಥವನ್ನು ಸದಾ ಗೋಡೆಗೆ ತೂಗುಹಾಕುವುದಿಲ್ಲ. ಲಂಡನ್ನಿಗೆ ಹೋಗುವವರು ಇವನ್ನು ನೋಡಲು ಬ್ರಿಟಿಷ್ ಮ್ಯೂಸಿಯಂನ ಅಧ್ಯಯನ ಕೊಠಡಿಗೆ ಮುಂಚಿತವಾಗಿ ಬರೆದು ಸಮಯ ಕೇಳಬೇಕು.