ಡಿಎನ್‌ಎ ರಿಪೋರ್ಟ್‌ನಲ್ಲಿ ಅಣ್ಣ ‘ಮಲಸಹೋದರ’ನಾದಾಗ

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಈಗ ಡಿಎನ್‌ಎ ಕಿಟ್ ಉಡುಗೊರೆ ಕೊಡೋದು ಹೊಸದೇನಲ್ಲ. ಸಣ್ಣ ಟ್ಯೂಬಿನಲ್ಲಿ ಉಗುಳು ತುಂಬಿ ಪೋಸ್ಟ್ ಮಾಡಿದರೆ ಆಯ್ತು, ಕೆಲವು ವಾರಗಳಲ್ಲಿ ಫೋನಿಗೇ ರಿಪೋರ್ಟ್ ಬರುತ್ತೆ. ನಿಮ್ಮ ಪೂರ್ವಜರು ಯಾವ ಕಡೆಯವರು, ಅದೇ ಕಂಪನಿಯಲ್ಲಿ ಟೆಸ್ಟ್ ಮಾಡಿಸಿದವರಲ್ಲಿ ನಿಮ್ಮ ರಕ್ತಸಂಬಂಧಿಗಳು ಯಾರು, ಎಲ್ಲವೂ ಬಣ್ಣಬಣ್ಣದ ಚಾರ್ಟ್‌ನಲ್ಲಿ. ಆನ್‌ಸೈಟ್ ಕೆಲಸಕ್ಕೆ ಹೋಗಿದ್ದಾಗ ನಾನೂ ಮಾಡಿಸಿದೆ. ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣ, ಅಂದರೆ ದೊಡ್ಡಪ್ಪನ ಮಗ, ಅವನೂ ಮಾಡಿಸಿದ. ಆಮೇಲೆ ನಡೆದದ್ದನ್ನು ನೋಡಿದ ಮೇಲೆ, ಈ ರಿಪೋರ್ಟ್ ಓದೋದು ಹೇಗೆ ಅಂತ ನಮ್ಮ ಕಡೆಯವರು ಮೊದಲೇ ತಿಳಿದಿರಬೇಕು ಅನಿಸಿತು.

ಲೆಕ್ಕ ಹೇಗೆ ಹಾಕ್ತಾರೆ?

ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಕಿಟ್‌ಗಳು ಅಷ್ಟನ್ನೂ ಓದೋದಿಲ್ಲ. ಒಬ್ಬರಿಂದ ಒಬ್ಬರಿಗೆ ಬದಲಾಗುವ ಆರೇಳು ಲಕ್ಷ ಜಾಗಗಳನ್ನು ಮಾತ್ರ ನೋಡುತ್ತವೆ. ಇಬ್ಬರಲ್ಲಿ ಉದ್ದುದ್ದ ತುಣುಕುಗಳು ಒಂದೇ ಥರ ಇದ್ದರೆ, ಅವು ಒಂದೇ ಪೂರ್ವಜರಿಂದ ಬಂದಿರಬೇಕು ಅಂತ ಲೆಕ್ಕ.

ಅಪ್ಪ ಅಥವಾ ಅವ್ವನ ಜೊತೆ ನಮಗೆ ಶೇ. 50ರಷ್ಟು ಹೊಂದಾಣಿಕೆ ಇರುತ್ತದೆ. ಅಜ್ಜ, ಕಾಕಾ, ಸೋದರಮಾವನ ಜೊತೆ ಸರಾಸರಿ ಶೇ. 25. ಕಾಕಾನ ಮಕ್ಕಳು, ಮಾವನ ಮಕ್ಕಳ ಜೊತೆ ಶೇ. 12.5. ತಂದೆ ಒಬ್ಬರೇ ಇದ್ದು ತಾಯಿ ಬೇರೆ ಬೇರೆಯಾದ ಮಲಸಹೋದರರ ನಡುವೆಯೂ ಶೇ. 25.

ಇಲ್ಲಿ ಗಮನಿಸಬೇಕಾದ್ದು ಒಂದೇ. ಯಂತ್ರ ಅಳೆಯೋದು ಶೇಕಡಾವಾರು ಮಾತ್ರ. ಸಂಬಂಧದ ಹೆಸರು ಸಾಫ್ಟ್‌ವೇರಿನ ಊಹೆ.

ಆ 24 ಪರ್ಸೆಂಟ್

ನನಗೂ ಅಣ್ಣನಿಗೂ ಶೇ. 24 ಮ್ಯಾಚ್ ಬಂತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಹಾಫ್ ಬ್ರದರ್’ ಅಂತ ಬರೆದಿತ್ತು. ಮೊದಲು ನೋಡಿದ್ದು ಅತ್ತಿಗೆ. ಎರಡು ದಿನ ಗಂಡ ಹೆಂಡತಿ ಇಬ್ಬರೂ ಯಾರಿಗೂ ಹೇಳದೆ ಒಳಗೊಳಗೇ ಒದ್ದಾಡಿದ್ದಾರೆ. ದೊಡ್ಡಪ್ಪ ತೀರಿಕೊಂಡು ಆಗಲೇ ಮೂರು ವರ್ಷ. ಮೂರನೇ ದಿನ ರಾತ್ರಿ ಅಣ್ಣ ಫೋನ್ ಮಾಡಿದ. “ತಮ್ಮಾ, ಅಪ್ಪ ಇಲ್ಲ. ಇದನ್ನ ಯಾರಿಗೆ ಕೇಳೋದು?” ಅಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಸಾಫ್ಟ್‌ವೇರಿಗೆ ಗೊತ್ತಿರದ ಒಂದು ಸಂಗತಿ ನಮ್ಮಿಬ್ಬರಿಗೂ ಗೊತ್ತಿತ್ತು. ನಮ್ಮಪ್ಪಂದಿರು ಅಣ್ಣ-ತಮ್ಮ, ನಮ್ಮವ್ವಂದಿರು ಅಕ್ಕ-ತಂಗಿ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ಮನೆಗೆ ಕೊಟ್ಟಿದ್ದು. ಅಪ್ಪನ ಕಡೆಯಿಂದ ಶೇ. 12.5, ಅವ್ವನ ಕಡೆಯಿಂದ ಶೇ. 12.5, ಕೂಡಿದರೆ 25. ನಾವು ಎರಡೂ ಕಡೆಯಿಂದ ಅಣ್ಣ-ತಮ್ಮ, ಅಷ್ಟೇ.

ಅಷ್ಟಕ್ಕೆ ಅಣ್ಣನಿಗೆ ಸಮಾಧಾನ ಆಗಲಿಲ್ಲ. “ಮಲಸಹೋದರಂದೂ ಇಪ್ಪತ್ತೈದೇ ಅಲ್ಲೇನು?” ಅಂದ. ನ್ಯಾಯವಾದ ಪ್ರಶ್ನೆ. ಆದರೆ ಅವನ ಅನುಮಾನ ನಿಜವಾಗಿದ್ದರೆ, ಅಂದರೆ ಇಬ್ಬರಿಗೂ ಅಪ್ಪ ಒಬ್ಬರೇ ಆಗಿದ್ದರೆ, ಅಪ್ಪನಿಂದಲೇ ಶೇ. 25 ಬರಬೇಕು. ಅವ್ವಂದಿರು ಅಕ್ಕ-ತಂಗಿ ಆದ್ದರಿಂದ ಅದರ ಮೇಲೆ ಮತ್ತೆ 12.5. ಒಟ್ಟು 37.5 ಆಗಬೇಕಿತ್ತು. ಅವ್ವ ಒಬ್ಬಳೇ ಆಗಿದ್ದರೂ ಲೆಕ್ಕ ಅದೇ. ಈ ಸರಾಸರಿಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತೆ ನಿಜ, ಆದರೆ 24 ಎಲ್ಲಿ, 37.5 ಎಲ್ಲಿ? ಅವನನ್ನು ಹೆದರಿಸಿದ ಅದೇ ಸಂಖ್ಯೆ ಮನೆಯಲ್ಲಿ ಯಾವ ಗುಟ್ಟೂ ಇಲ್ಲ ಅಂತಲೂ ಹೇಳುತ್ತಿತ್ತು.

ಆಮೇಲೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ನಕ್ಕಳು: “ಅಕ್ಕ-ತಂಗೀನ ಅಣ್ಣ-ತಮ್ಮಗ ಕೊಟ್ಟಾರ. ರಕ್ತ ಕೂಡಲಾರ್ದ ಇರ್ತೈತೇನು?”

ನಮ್ಮ ಕಡೆ ಯಾಕೆ ಹೀಗಾಗುತ್ತೆ?

ಅಪ್ಪನ ಕಡೆಯವರಿಗೂ ಅವ್ವನ ಕಡೆಯವರಿಗೂ ಮೊದಲೇ ಸಂಬಂಧ ಇರೋದಿಲ್ಲ ಅನ್ನೋದು ಈ ಊಹೆಯ ತಳಹದಿ. ಅಮೆರಿಕದಲ್ಲಿ ಅದು ಬಹುಪಾಲು ಸರಿ. ನಮ್ಮಲ್ಲಿ ಅಕ್ಕನ ಮಗಳು, ಅತ್ತೆಯ ಮಗ, ಮಾವನ ಮಗಳು ಅಂತ ಸಂಬಂಧದಲ್ಲೇ ಮದುವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲುಭಾಗ ಇಂಥವೇ. ಅದರ ಮೇಲೆ ಜಾತಿಯೊಳಗಿನ ಮದುವೆ ಬೇರೆ. ಹಾರ್ವರ್ಡ್ ಮತ್ತು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ನೆಲದ ಜನ ಧಾರಾಳವಾಗಿ ಬೆರೆತಿದ್ದರು. ಆಮೇಲೆ ಗುಂಪುಗಳ ಒಳಗೇ ಮದುವೆ ಅನ್ನೋದು ಗಟ್ಟಿಯಾಯಿತು. ಹಾಗಾಗಿ ನಮ್ಮ ಮ್ಯಾಚ್ ಪಟ್ಟಿಯಲ್ಲಿ ದೂರದ ನೆಂಟರೂ ಹತ್ತಿರದವರಂತೆ ಕಾಣಬಹುದು.

‘ನಿಮ್ಮ ಮೂಲ ಇಲ್ಲಿಯದು ಶೇ. ಇಷ್ಟು’ ಅನ್ನುವ ನಕ್ಷೆಯೂ ಅಂದಾಜೇ. ಕಂಪನಿ ತನ್ನ ಬಳಿ ಇರುವ ಜನರ ಮಾದರಿಗೆ ನಿಮ್ಮನ್ನು ಹೋಲಿಸುತ್ತದೆ. ಆ ಮಾದರಿ ಬದಲಾದರೆ ನಿಮ್ಮ ಶೇಕಡಾವಾರೂ ಬದಲಾಗುತ್ತೆ.

ಹೆಳವರ ಪುಸ್ತಕ

ಉತ್ತರ ಕರ್ನಾಟಕದ ಓದುಗರಿಗೆ ಹೆಳವರು ಗೊತ್ತಿರಬೇಕು. ಎತ್ತಿನ ಮೇಲೆ ಊರೂರು ತಿರುಗಿ, ಮನೆ ಮುಂದೆ ನಿಂತು ಆ ಮನೆತನದ ವಂಶಾವಳಿ ಹೇಳಿ, ಕಾಳು-ಕಡಿ, ದುಡ್ಡು ಪಡೆದು ಮುಂದಿನ ಊರಿಗೆ ಹೋಗುವವರು. ನಮ್ಮ ಮನೆಗೆ ಬರುವ ಹೆಳವರ ಪುಸ್ತಕದಲ್ಲಿ ಏಳು ತಲೆಮಾರಿನ ಹೆಸರುಗಳಿವೆ. ನಮ್ಮ ಹಿರಿಯರು ಬರಗಾಲದಲ್ಲಿ ಬಿಟ್ಟುಬಂದ ಮೂಲ ಊರಿನ ಹೆಸರೂ ಇದೆ. ಇದ್ಯಾವುದನ್ನೂ ಉಗುಳಿನ ಟ್ಯೂಬು ಹೇಳಲಾರದು. ಹಾಗೆಯೇ ಆ ಪುಸ್ತಕದಲ್ಲಿ ನಮ್ಮಜ್ಜಿಯ ತವರಿನ ಕಡೆಯ ಒಂದು ಹೆಸರೂ ಇಲ್ಲ. ತಾಯಿಯಿಂದ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಆ ದಾರಿಯನ್ನು ಉಳಿಸಿಕೊಂಡಿದೆ, ಆದರೆ ಅದರಲ್ಲಿ ಹೆಸರಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೇ ಏನಾದರೂ ಅರ್ಥವಾಗೋದು.

ಟ್ಯೂಬು ನಿಮ್ಮದು, ಡೇಟಾ ಮನೆಯವರದ್ದೂ

2023ರಲ್ಲಿ ‘23ಆ್ಯಂಡ್‌ಮಿ’ ಕಂಪನಿಯಲ್ಲಿ ಹ್ಯಾಕರ್‌ಗಳು ನೇರವಾಗಿ ಹೊಕ್ಕಿದ್ದು ಸುಮಾರು 14,000 ಖಾತೆಗಳಿಗೆ. ಬೇರೆ ಕಡೆ ಸೋರಿದ ಹಳೇ ಪಾಸ್‌ವರ್ಡ್‌ಗಳೇ ಸಾಕಾದವು. ಆದರೆ ಸಂಬಂಧಿಕರನ್ನು ತೋರಿಸುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಇಷ್ಟು ಜನರ ಡಿಎನ್‌ಎ ಯಾರ ಕೈಗೆ ಹೋಗುತ್ತೆ ಅನ್ನೋದೇ ದೊಡ್ಡ ಪ್ರಶ್ನೆಯಾಯಿತು. 2018ರಲ್ಲಿ ಕ್ಯಾಲಿಫೋರ್ನಿಯಾ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಾರನನ್ನು ಹಿಡಿದದ್ದು ಅವನ ದೂರದ ನೆಂಟರ ಡಿಎನ್‌ಎ ಜಾಡು ಹಿಡಿದು. ಅಲ್ಲಿ ಒಳ್ಳೆಯದಾಯಿತು. ಆದರೆ ಒಬ್ಬರು ಉಗುಳಿದರೆ ಇಡೀ ಬಳಗ ಪಟ್ಟಿಗೆ ಸೇರುತ್ತೆ ಅನ್ನೋದೂ ಅದರಿಂದ ಗೊತ್ತಾಯಿತು.

ನೀವು ಮಾಡಿಸೋದಾದರೆ

* ಮೊದಲು ಹಿರಿಯರ ಹತ್ತಿರ ಕೂತು ಯಾರು ಯಾರನ್ನು ಮದುವೆಯಾದರು ಅಂತ ಕನಿಷ್ಠ ಮೂರು ತಲೆಮಾರು ಬರೆದಿಟ್ಟುಕೊಳ್ಳಿ. ಇದಿಲ್ಲದೆ ಮ್ಯಾಚ್ ಪಟ್ಟಿಗೆ ಅರ್ಥವಿಲ್ಲ.
* ಒಡಹುಟ್ಟಿದವರಿಗೆ, ಅಪ್ಪ-ಅವ್ವನಿಗೆ ಹೇಳಿ, ಅವರು ಒಪ್ಪಿದ ಮೇಲೆ ಮಾಡಿಸಿ.
* ಸಂಬಂಧಿಕರನ್ನು ತೋರಿಸುವ ಸೆಟ್ಟಿಂಗ್ ಬೇಕಿದ್ದರೆ ಮಾತ್ರ ಆನ್ ಮಾಡಿ. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.
* ಅನಿರೀಕ್ಷಿತ ಹೆಸರು ಕಂಡರೆ ಫ್ಯಾಮಿಲಿ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಬೇಡಿ. ಮೊದಲು ಶೇಕಡಾವಾರು ನೋಡಿ, ಲೆಕ್ಕ ಹಾಕಿ.

ಕೆಲವರಿಗೆ ಲೆಕ್ಕ ಹಾಕಿದ ಮೇಲೂ ನಿಜವಾದ ಗುಟ್ಟೇ ಸಿಗಬಹುದು. ಆಗ ಅದು ಒಬ್ಬ ಜೀವಂತ ಮನುಷ್ಯರ ವಿಷಯ. ಅವರಿಗೆ ಹೇಳಿಕೊಳ್ಳಲು ಇಷ್ಟವಿದೆಯೋ ಇಲ್ಲವೋ ಅಂತ ಕೇಳದೆ ಹೊರಗೆಡಹುವ ಹಕ್ಕು ಟೆಸ್ಟ್ ಮಾಡಿಸಿದವರಿಗೂ ಇಲ್ಲ. ಆ ಪ್ರಶ್ನೆಗೆ ನಿಮ್ಮ ಉತ್ತರ ಏನು ಅಂತ ಕಿಟ್ ಆರ್ಡರ್ ಮಾಡೋ ಮೊದಲೇ ಯೋಚಿಸಿ.